ಗಾಡಿ ಬಂದಾಗ ಮುಚ್ಚಿಟ್ಟ ಪುಸ್ತಕಗಳು

ತುಳಸಿಯ ಶಾಲೆಯ ಡೈರಿಯಲ್ಲಿ ಆ ಕೆಂಪು ಶಾಯಿಯ ಟಿಪ್ಪಣಿ ಬಂದದ್ದು ದಸರಾ ರಜೆ ಮುಗಿದ ವಾರ. ಒಂದನೇ ತರಗತಿಯ ಮಗುವಿಗೆ ಏನು ಮಹಾ ಬರೆದಿರುತ್ತಾರೆ ಅಂತ ಒಗ್ಗರಣೆ ಸೌಟು ಹಿಡಿದೇ ತೆರೆದೆ. "ತುಳಸಿ ಯಾವುದನ್ನೂ ಪೂರ್ತಿ ಮಾಡುವುದಿಲ್ಲ. ಕತೆ ಹೇಳುವ ಪರೀಕ್ಷೆಯಲ್ಲಿ ಹತ್ತಕ್ಕೆ ಐದು. ಮನೆಯಲ್ಲಿ ಕಾಮಿಕ್ಸ್ ಓದಿಸುವುದನ್ನು ನಿಲ್ಲಿಸಬೇಕು. ಪೋಷಕರ ಸಹಿ" ಅಂತಿತ್ತು. ಮುಂದೆ ಉದ್ದಕ್ಕೆ ಒಂದು ಖಾಲಿ ಗೆರೆ.

ಒಗ್ಗರಣೆ ಸೀದುಹೋಯಿತು. ಫೋನ್ ಹಿಡಿದು ಕೂತು, ಮಗು ಯಾಕೆ ಪೂರ್ತಿ ಮಾಡುವುದಿಲ್ಲ ಅಂತ ಹುಡುಕಿದೆ. ಸಂಜೆಯೊಳಗೆ ಹನ್ನೆರಡು ತೊಂದರೆಗಳ ಹೆಸರು ಕಲಿತೆ. ಹನ್ನೆರಡೂ ನನ್ನ ಮಗಳಿಗೆ ಇದ್ದ ಹಾಗೆ ಕಂಡವು.

"ಪರೀಕ್ಷೆಯಲ್ಲಿ ಏನಾಯಿತು ಪುಟ್ಟಿ?" ಅಂತ ಕೇಳಿದೆ.

"ಕೊಡಿ ಕಳಕೊಂಡ ಆನಿ ಕತಿ ಹೇಳಂದ್ರು. ಆನಿ ಹೊಳಿ ದಂಡಿಗೆ ಬರೋಮಟ ಹೇಳಿದೆ. ಆಮ್ಯಾಲೆ 'ಮುಂದಿಂದು ನೀವು ಹೇಳ್ರಿ ಮಿಸ್, ನಮ್ಮ ಗಾಡಿ ಬಂತು' ಅಂದೆ."

ಗಾಡಿ ಬಂತು! ಈ ಮಾತು ಎಲ್ಲಿಂದ ಬಂತು ಅಂತ ನನಗೆ ಕೂಡಲೇ ಗೊತ್ತಾಯಿತು. ಇದು ನಮ್ಮ ಮಾವನದು.

ಮಾವ ಅಂದರೆ ನನ್ನ ಗಂಡ ಹುಲುಗೇಶನ ಅಪ್ಪ, ಎರ್ರೆಪ್ಪ. ಅರವತ್ತಾರು ವರ್ಷ. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಇನ್ನೊಂದು ಬಾಕಿ ಇದೆ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಮನೆ ಕೇಳಿದರೆ ಜನ ಇವತ್ತಿಗೂ "ಯಾವ ಎರ್ರೆಪ್ಪ, ಕಾಮಿಕ್ಸ್ ಎರ್ರೆಪ್ಪನಾ?" ಅಂತ ನಕ್ಕೇ ದಾರಿ ತೋರಿಸುವುದು. ಮದುವೆ ಮಾತುಕತೆಗೆ ಮೈಸೂರಿನಿಂದ ಬಂದ ನಮ್ಮಪ್ಪನಿಗೂ ಹಾಗೇ ತೋರಿಸಿದ್ದರು. ಬಸ್ಸಿನಲ್ಲಿ ವಾಪಸು ಹೋಗುವಾಗ ಅಪ್ಪ "ಹುಡುಗ ಒಳ್ಳೆಯವನು, ಬೀಗರು ಮಾತ್ರ ಸ್ವಲ್ಪ..." ಅಂದರು. ಆ ವಾಕ್ಯವನ್ನು ಅವರೂ ಪೂರ್ತಿ ಮಾಡಲಿಲ್ಲ.

ಮಾವ ಹುಟ್ಟಿ ಬೆಳೆದದ್ದು ಕಂಪ್ಲಿಯಲ್ಲಿ. ಅವರಪ್ಪ ಕಬ್ಬು ಕಡಿಯುವ ಕೂಲಿ. ಊರಿನ ಕಟಿಂಗ್ ಅಂಗಡಿಯಲ್ಲಿ ಹಗ್ಗಕ್ಕೆ ಚಿತ್ರಕತೆ ಪುಸ್ತಕ ನೇತುಹಾಕಿರುತ್ತಿದ್ದರಂತೆ. ತಲೆ ಕೊಡಲು ಬಂದವರಿಗೆ ಮಾತ್ರ ಓದಲು ಬಿಡುವುದು. ಎಂಟು ವರ್ಷದ ಮಾವ ಕಾಸಿನ ಬದಲು ಒಂದೊಂದು ಕಬ್ಬಿನ ಜಲ್ಲೆ ಹೊತ್ತುಕೊಂಡು ಹೋಗಿ ಒಂದೇ ಬೇಸಿಗೆಯಲ್ಲಿ ಐದು ಸಲ ತಲೆ ಕೊಟ್ಟರು. ಐದನೆಯ ಸಲ ಕತ್ತರಿಸಲು ಏನೂ ಇರಲಿಲ್ಲ. "ಬೋಳ್ಸು ಕಾಕಾ, ರಾಕ್ಷಸ ಇನ್ನಾ ಸತ್ತಿಲ್ಲ" ಅಂದರಂತೆ. ಈ ಕತೆಯನ್ನು ನಮ್ಮ ಅತ್ತೆ ಬಸಕ್ಕ ಬಂದವರಿಗೆಲ್ಲ ಹೇಳುತ್ತಾರೆ. ಮಾವನಿಗೆ ನಾಚಿಕೆಯೇ ಇಲ್ಲ. ರಾಕ್ಷಸ ಸತ್ತದ್ದು ಹೇಗೆ ಅಂತ ತಾವೇ ಮುಂದುವರಿಸುತ್ತಾರೆ.

ಹದಿನಾರಕ್ಕೆ ಸಂಡೂರಿನ ಅದಿರು ಲಾರಿಯಲ್ಲಿ ಕ್ಲೀನರ್ ಆದರು, ಆಮೇಲೆ ಡ್ರೈವರ್. ಸ್ವಂತ ಸಂಬಳ ಬಂದ ಮೇಲೆ ಸ್ವಂತ ರುಚಿಯೂ ಬಂತು. ರಾಕ್ಷಸರ ಕತೆ ಬೇಸರವಾಯಿತು. ಒಂದೇ ಏಟಿಗೆ ಸಾಯುವವನನ್ನು ನಂಬುವುದು ಹೇಗೆ ಅಂತ ಅವರ ವಾದ. ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಪತ್ತೇದಾರಿ ಚಿತ್ರಕತೆ ಕೊಳ್ಳತೊಡಗಿದರು. ಕನ್ನಡದವು ಮುಗಿದಾಗ ಗುಂತಕಲ್ಲಿನಿಂದ ತೆಲುಗಿನವು, ಉತ್ತರದ ಡ್ರೈವರುಗಳ ಕೈಯಿಂದ ಹಿಂದಿಯವು. ಹಿಂದಿ ಅಕ್ಷರ ಯಾರೂ ಕಲಿಸಲಿಲ್ಲ. ಗುದ್ದಿದ ಚಿತ್ರದ ಪಕ್ಕ ದಪ್ಪಗೆ ಬರೆದದ್ದು ಗುದ್ದಿನ ಸದ್ದೇ ಆಗಿರಬೇಕಲ್ಲ, ಅಲ್ಲಿಂದ ಒಂದೊಂದೇ ಅಕ್ಷರ ಹಿಡಿದರು. ಹೀಗಾಗಿ ಮಾವನ ಹಿಂದಿಯಲ್ಲಿ ಇವತ್ತಿಗೂ ಜಗಳದ ಮಾತು ಚೆನ್ನಾಗಿದೆ, ಮರ್ಯಾದೆಯ ಮಾತು ಕಡಿಮೆ.

ಆಮೇಲೆ ಬಂದದ್ದು ಸಾಲಿನ ಕಾಲ. ಗಣಿಗಳು ಜೋರಾಗಿದ್ದ ವರ್ಷಗಳು. ಅದಿರು ತುಂಬಿದ ಲಾರಿಗಳು ಕಾಟಾದ ಮುಂದೆ, ಅಂದರೆ ಗಾಡಿ ತೂಗುವ ಕಡೆ, ಮೈಲುಗಟ್ಟಲೆ ನಿಲ್ಲುತ್ತಿದ್ದವು. ಒಂದು ದಿನ, ಒಂದೂವರೆ ದಿನ. ಇಸ್ಪೀಟು ಆಡುವವರು ಆಡುತ್ತಿದ್ದರು, ಮಲಗುವವರು ಗಾಡಿ ಕೆಳಗೇ ಮಲಗುತ್ತಿದ್ದರು. ಮಾವನ ಸಾಲಿನಲ್ಲಿ ಮಾತ್ರ ಪುಸ್ತಕ ಓಡಾಡುತ್ತಿತ್ತು. ಅದಕ್ಕೆ ಕಾಯ್ದೆ ಇತ್ತು. ನಿನ್ನ ಗಾಡಿ ಕಾಟಾಕ್ಕೆ ಹತ್ತುವ ಹೊತ್ತಾದರೆ, ಕತ್ತಿ ಗಾಳಿಯಲ್ಲಿದ್ದರೂ ಸರಿ, ಪುಸ್ತಕ ಮುಚ್ಚಿ ಹಿಂದಿನ ಗಾಡಿಗೆ ಕೊಡಬೇಕು. ಕೊಡುವ ಮುಂಚೆ, ನಿಲ್ಲಿಸಿದ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗಾಡಿ ನಂಬರಿನ ನಾಲ್ಕು ಅಂಕಿ ಬರೆಯಬೇಕು. ಯಾವಾಗಲಾದರೂ ಆ ಪುಸ್ತಕ ಮತ್ತೆ ಕೈಗೆ ಬಂದರೆ ಅಲ್ಲಿಂದ ಮುಂದೆ. ಓದಿ ಮುಗಿಸಿದವನು ಹಿಂದಿನವರಿಗೆ ಕೊನೆ ಹೇಳಕೂಡದು. ಬಾಯಿ ತಪ್ಪಿ ಹೇಳಿದರೆ ಹಿಂದಿನ ಐದು ಗಾಡಿಗೆ ಚಾ ಕುಡಿಸಬೇಕು.

ಮಾವನ ಅಂಕಿ ೨೭೧೬.

ಆಗ ಪುಸ್ತಕ ಕೊಳ್ಳುವುದೂ ಸಾಲಿನ ಲೆಕ್ಕಕ್ಕೇ. ದಪ್ಪನೆಯದು ಬೇಡ, ಕೈ ಬದಲಾಗಿ ಹರಿಯುತ್ತದೆ. ಧಾರಾವಾಹಿ ಬೇಡ, ಮುಂದಿನ ತಿಂಗಳು ಯಾರು ಎಲ್ಲಿರುತ್ತಾರೋ. ಮಾತು ಕಡಿಮೆ, ಚಿತ್ರ ದೊಡ್ಡದು ಇದ್ದರೆ ಲೇಸು, ಅಕ್ಷರ ಬಾರದ ಕ್ಲೀನರುಗಳೂ ಓದಬೇಕಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ನಾನೊಂದು ತಪ್ಪು ಮಾಡಿದ ಮೇಲೆ. ತುಳಸಿಗೆ ಆಗ ಒಂಬತ್ತು ತಿಂಗಳು, ಅಂಬೆಗಾಲು, ಜೊತೆಗೆ ಬಿಡದ ಕೆಮ್ಮು. ಕೆಮ್ಮಿಗೆ ಕಾರಣ ಹುಡುಕುತ್ತ ನಾನು ಮನೆಯ ಮೂಲೆಮೂಲೆ ಮೂಸುತ್ತಿದ್ದೆ. ಮಾವನ ಮಂಚದ ಕೆಳಗೆ ತಗಡಿನ ಪೆಟ್ಟಿಗೆ, ಅದರ ತುಂಬ ಕಾಮಿಕ್ಸ್, ಪುಟಪುಟದಲ್ಲೂ ಅದಿರಿನ ಕೆಂಪು ಬೆರಳಚ್ಚು. ಸಿಕ್ಕಿತಲ್ಲ ಕಾರಣ! ಮಾವ ಇಲ್ಲದಾಗ ಎಲ್ಲವನ್ನೂ ಮಾಳಿಗೆಗೆ ಹೊತ್ತು ಬಿಸಿಲಿಗೆ ಹರವಿದೆ, ಬಟ್ಟೆಯಲ್ಲಿ ಒರೆಸಿದೆ. ಒಂದರ ಅಂಚಿನಲ್ಲಿ ಪೆನ್ಸಿಲಿನ ಗೀಚು ಕಂಡಿತು. ಪುಸ್ತಕದಲ್ಲಿ ಗೀಚಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಶಾಲೆಯಲ್ಲಿ ಓದಿದವಳು ನಾನು. ರಬ್ಬರ್ ತಂದು ಮೊದಲ ಪುಟದಿಂದ ಕೊನೆಯವರೆಗೆ ನೀಟಾಗಿ ಅಳಿಸಿದೆ. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅತ್ತೆ ಹತ್ತಿ ಬಂದು "ಅಯ್ಯ ನಮ್ಮವ್ವಾ!" ಅಂತ ಕೂತೇಬಿಟ್ಟರು.

ಸಂಜೆ ಮಾವ ಆ ಪುಸ್ತಕವನ್ನು ಬೆಳಕಿಗೆ ಹಿಡಿದು ಹಾಳೆ ತಿರುವಿದರು. "ಹನ್ನೊಂದು ಗಾಡಿ ಸಾಲಿನಿಂದ ಹೊರಗ ಹಾಕಿದ್ಯಲ್ಲವ್ವಾ" ಅಂದರು. ಅಷ್ಟೇ. ಬೈದಿದ್ದರೆ ನಾನೂ ಅತ್ತು ಹಗುರಾಗುತ್ತಿದ್ದೆ. ಆ ಹನ್ನೊಂದರಲ್ಲಿ ಉಜ್ಜಿನಪ್ಪ ಅನ್ನುವವರ ನಂಬರೂ ಇತ್ತಂತೆ, ಮಾವನ ಹಿಂದೆಯೇ ಗಾಡಿ ಹಚ್ಚುತ್ತಿದ್ದವರು. ಆ ಮನುಷ್ಯ ತೀರಿಕೊಂಡು ಆಗಲೇ ನಾಲ್ಕು ವರ್ಷ. ಅವರ ಕತೆ ಹದಿನಾಲ್ಕನೆಯ ಪುಟದಲ್ಲಿ ನಿಂತಿತ್ತು. ಅದೂ ನನ್ನ ರಬ್ಬರಿಗೆ ಹೋಯಿತು.

(ಕೆಮ್ಮು ಆಮೇಲೂ ಹೋಗಲಿಲ್ಲ. ಡಾಕ್ಟರು ಸೊಳ್ಳೆಬತ್ತಿ ನಿಲ್ಲಿಸಿ ಅಂದ ಮೇಲೆ ಹೋಯಿತು.)

ಗಣಿಗಳು ನಿಂತು ಲಾರಿ ಕೆಲಸ ಹೋದಾಗ ಮಾವ ಆಟೋ ಹಿಡಿದರು, ಹೊಸಪೇಟೆಯಿಂದ ಹಂಪಿಗೆ. ಆಗ ರುಚಿ ಇನ್ನೊಂದು ಸಲ ತಿರುಗಿತು. ಹಂಪಿ ಬಜಾರ್ ಹತ್ತಿರ ತಾಯಕ್ಕ ಅನ್ನುವವರದು ಒಂದು ಪುಟ್ಟ ಅಂಗಡಿ, ಫಾರಿನ್ನಿನವರು ಓದಿ ಬಿಟ್ಟುಹೋದ ಪುಸ್ತಕ ಮಾರುತ್ತಿದ್ದರು. ಅಲ್ಲಿ ಮಾವನಿಗೆ ಒಂದು ವಿಚಿತ್ರ ಕಾಮಿಕ್ಸ್ ಸಿಕ್ಕಿತು.

"ತಾಯಕ್ಕಾ, ಇದನ್ನ ಉಲ್ಟಾ ಹೊಲ್ದಾರಲ್ಲ?"

"ಹಂಗ ಓದೂದಂತ ಎರ್ರೆಪ್ಪಣ್ಣ, ಬಲಗಡಿಂದ. ಜಪಾನಿಂದು."

"ಓದಾಕ ಬರ್ತೈತೇನು ನಿನಗ?"

"ನಿನಗ ಬರ್ತೈತೇನು?"

ಇಬ್ಬರಿಗೂ ಬರುತ್ತಿರಲಿಲ್ಲ. ಮಾವ ಕೊಂಡರು. ಅದರಲ್ಲಿ ಹೊಡೆದಾಟವೇ ಇಲ್ಲ. ಒಬ್ಬ ಹೆಣ್ಣುಮಗಳು ಎರಡು ಪುಟದ ತುಂಬ ಬಟ್ಟೆ ಒಣಹಾಕುತ್ತಾಳೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ "ಇದರಲ್ಲಿ ಏನಾಗುತ್ತೆ ಮಾವ?" ಅಂತ ಕೇಳಿದ್ದೆ.

"ಬಟ್ಟಿ ಒಣಗ್ತಾವು."

"ಅಷ್ಟೇನಾ?"

"ಅಷ್ಟಾಗಾಕ ಎಷ್ಟು ಬಿಸಿಲು ಬೇಕು ನೋಡು" ಅಂದರು.

ಈಗ ಅವರು ಹೊಸದು ಕೊಳ್ಳುವುದೇ ಇಲ್ಲ. ಭಾನುವಾರ ರದ್ದಿ ಅಂಗಡಿಗೆ ಹೋಗಿ ನೆಲದ ಮೇಲೆ ಕೂತು ಹಳೆಯ ಕಾಮಿಕ್ಸಿನ ಅಂಚು ನೋಡುತ್ತಾರೆ. ನಾಲ್ಕು ಅಂಕಿ ಕಂಡರೆ ಕೆಜಿ ಲೆಕ್ಕದಲ್ಲಿ ತರುತ್ತಾರೆ. ಹುಲುಗೇಶ ತೋರಣಗಲ್ಲಿನ ಕಾರ್ಖಾನೆಯ ಬೋನಸ್ಸಿನಲ್ಲಿ ಅಪ್ಪನಿಗೆ ಅಂತ ಹೊಳೆಯುವ ಹಾಳೆಯ ಹೊಸ ಮುದ್ರಣದ ಸೆಟ್ ತರಿಸಿದ್ದರು. ಮಾವ ಮೂಸಿ ನೋಡಿ ವಾಪಸು ಕೊಟ್ಟರು. "ಚಲೋ ಐತಪಾ. ಆದ್ರ ಇದ್ರಾಗ ಯಾರೂ ಇಲ್ಲ."

ಸಂಜೆ ಮಂಚದ ಮೇಲೆ ಮಾವ, ತುಳಸಿ, ಕೆಳಗೆ ಕಾಯಿಪಲ್ಲೆ ಹೆಚ್ಚುವ ಅತ್ತೆ. ಮಾವ ಅರ್ಧ ಓದಿ "ಗಾಡಿ ಬಂತು" ಅಂತ ಅಂಚಿನಲ್ಲಿ ಅಂಕಿ ಹಾಕಿ ತುಳಸಿಗೆ ಕೊಡುವುದು, ಅವಳು ಚಿತ್ರ ನೋಡಿ ಮುಂದೆ ಹೇಳಿ ತನ್ನ ಗಾಡಿ ಬಂತೆಂದು ಅಜ್ಜಿಗೆ ದಾಟಿಸುವುದು. ಅತ್ತೆ ಪುಸ್ತಕ ಮುಟ್ಟುವುದೂ ಇಲ್ಲ. "ಎಲ್ಲಾರೂ ಮಂಡಕ್ಕಿ ವಗ್ಗಾಣಿ ತಿಂದು ಮಕ್ಕೊಂಡ್ರು" ಅಂತ ಮುಗಿಸುತ್ತಾರೆ. ಕೊಲೆಗಾರನೂ ತಿಂದು ಮಲಗುತ್ತಾನೆ, ಪತ್ತೇದಾರನೂ.

ಡೈರಿಯ ಟಿಪ್ಪಣಿ ಬಂದ ಮರುದಿನ ಮಾವನಿಗೆ ಹೇಳಿದೆ. ದನಿ ಆದಷ್ಟು ತಗ್ಗಿಸಿಯೇ ಹೇಳಿದೆ. "ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಪೆಟ್ಟಿಗೆ ಮೇಲಿಡೋಣ ಮಾವ. ಮಗುವಿನ ಭವಿಷ್ಯದ ಪ್ರಶ್ನೆ."

"ಇಲ್ಲ" ಅಂದರು.

"ಮಿಸ್ ಬರೆದಿದ್ದಾರೆ."

"ಬರೀಲಿ. ಸುಕನ್ಯವ್ವಾ, ನಾ ಮೂವತ್ತು ವರ್ಷ ಗಾಡಿ ಹೊಡದೀನಿ. ಮಾಲೀಕ, ಕಾಟಾದಾವ, ಗೇಟಿನಾವ, ಕೈ ಮುಗೀದ ಮನಷ್ಯಾ ಇಲ್ಲ. ನಮ್ಮಪ್ಪ ಪುಸ್ತಕ ಒಲಿಗೆ ಹಾಕಿದ. ನಿಮ್ಮತ್ತಿ ಮದಿವ್ಯಾದ ವರ್ಷ ಬಾವಿಗೆ ಹಾಕ್ತೀನಂದ್ಲು. ಈ ಒಂದ್ರಾಗ ಮಾತ್ರ ನಾ ಯಾರ ಮಾತೂ ಕೇಳಿಲ್ಲ. ಇನ್ನ ಕೇಳಾಂಗೂ ಇಲ್ಲ."

ಭಾನುವಾರ ಅವರು ರದ್ದಿ ಅಂಗಡಿಗೆ ಹೋದಾಗ, ಹುಲುಗೇಶನನ್ನು ಕಾಡಿ ಬೇಡಿ ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಡಿಸಿದೆ. ಮಾವ ಬಂದರು, ಮಂಚದ ಕೆಳಗೆ ಬಗ್ಗಿದರು, ಎದ್ದರು. ಹಿತ್ತಲಿನಿಂದ ಏಣಿ ತಂದು ಗೋಡೆಗೆ ಆನಿಸಿದರು.

"ಮಾವ, ಬೇಡ! ಒಂದೇ ಕಣ್ಣು ಕಾಣೋದು ನಿಮಗೆ!"

"ಒಂದು ಕಣ್ಣಿಗೆ ಒಂದು ಪೆಟ್ಟಿಗಿ ಸಾಕು."

"ಲೇ ಹುಲುಗ್ಯಾ, ನಿಮ್ಮಪ್ಪನ್ನ ಹಿಡಿಯೋ!" ಅಂತ ಅತ್ತೆ ಕೂಗಿದರು. ಹುಲುಗೇಶ ಅಪ್ಪನನ್ನು ನೋಡಿ, ನನ್ನನ್ನು ನೋಡಿ, ಸ್ನಾನಕ್ಕೆ ಹೋದರು. ಮಾವ ಆಗಲೇ ಮೂರನೆಯ ಮೆಟ್ಟಿಲಲ್ಲಿ ತೂಗುತ್ತಿದ್ದರು. ನನಗೆ ಬೇರೆ ದಾರಿ ಕಾಣದೆ ಓಡಿ ಏಣಿ ಹಿಡಿದೆ. ನಾನೇ ಮೇಲಿಡಿಸಿದ ಪೆಟ್ಟಿಗೆಯನ್ನು ಇಳಿಸಲು ನಾನೇ ಏಣಿ ಹಿಡಿದು ನಿಂತೆ. ಪೆಟ್ಟಿಗೆ ಬಂತು, ಅದರ ಜೊತೆಗೆ ನನ್ನ ತಲೆಯ ಮೇಲೆ ಒಂದು ಬೊಗಸೆ ಕೆಂಪು ಧೂಳೂ.

"ಶನಿವಾರ ಸಾಲಿಗೆ ನಾನೂ ಬರ್ತೀನಿ" ಅಂದರು ಮಾವ, ಇಳಿದ ಮೇಲೆ.

ಶನಿವಾರ ಶಾಲೆಯಲ್ಲಿ ಪೋಷಕರ ಸಭೆ. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ತರಗತಿಯ ಹೊರಗೆ ಅಪ್ಪ ಅಮ್ಮಂದಿರ ಉದ್ದ ಸಾಲು. "ಕಾಟಾ ಇದ್ದಂಗೈತಿ" ಅಂದರು, ಊರಿಗೆ ಬಂದವರಂತೆ ಖುಷಿಯಾಗಿ.

ಮಿಸ್ ಒಳ್ಳೆಯ ಹುಡುಗಿ, ನನಗಿಂತ ಚಿಕ್ಕವಳು. "ಕಾಮಿಕ್ಸ್ ಅಭ್ಯಾಸ ಆದರೆ ಮಕ್ಕಳಿಗೆ ಪೂರ್ತಿ ಓದುವ ತಾಳ್ಮೆ ಬರುವುದಿಲ್ಲ ಅಜ್ಜ" ಅಂದಳು.

"ಒಂದ ಪುಸ್ತಕ ಹಿಡಕೊಂಡು ಮೂವತ್ತು ತಾಸು ಸಾಲಿನಾಗ ನಿಂತೀನ್ರಿ ಮೇಡಮ್ಮಾರ. ತಾಳ್ಮಿ ಮಾತು ನನಗ ಹೇಳಬ್ಯಾಡ್ರಿ."

ಮಿಸ್ ನಕ್ಕು ತುಳಸಿಯತ್ತ ತಿರುಗಿದಳು. "ಆನೆಯ ಕತೆ ಹೇಳು ನೋಡೋಣ."

ತುಳಸಿ ಕೈ ಹಿಂದೆ ಕಟ್ಟಿ ಹೇಳಿದಳು. ಗಾಳಿಗೆ ಆನೆಯ ಕೊಡೆ ಹಾರಿತು. ಆನೆ ಕಾಗೆಯನ್ನು ಕೇಳಿತು, ಹುಣಸೆಮರವನ್ನು ಕೇಳಿತು, ಹೊಳೆ ದಂಡೆಗೆ ಬಂತು. ಅಲ್ಲಿ ನಿಂತಳು. ಮಾವನ ಮುಖ ನೋಡಿದಳು.

"ಆಮೇಲೆ?"

"ಆಮ್ಯಾಲಿಂದು ಹೇಳಬಾರದ್ರಿ."

"ನಿನಗೆ ಗೊತ್ತಿಲ್ಲವಾ?"

"ಗೊತ್ತೈತ್ರಿ."

"ಮತ್ತೆ ಅವತ್ತು ಪರೀಕ್ಷೆಯಲ್ಲಿ ಯಾಕೆ ಹೇಳಲಿಲ್ಲ?"

"ನನ್ನ ಹಿಂದ ಸಾಗರ ನಿಂತಿದ್ದನಲ್ರಿ. ಅವ ಇನ್ನಾ ಓದಿದ್ದಿಲ್ಲ."

ನನ್ನ ಎದೆಯಲ್ಲಿ ಎರಡು ವಾರದಿಂದ ಕೂತಿದ್ದ ಹನ್ನೆರಡು ಹೆಸರುಗಳು ಒಟ್ಟಿಗೇ ಎದ್ದು ಹೋದವು. ನನ್ನ ಮಗಳಿಗೆ ಏನೂ ಆಗಿರಲಿಲ್ಲ. ಅವಳು ಸಾಲಿನ ಕಾಯ್ದೆ ಪಾಲಿಸಿದ್ದಳು.

ಮಾವ ಕೆಳಗೆ ಕೂತು ಅವಳ ಕಿವಿಯಲ್ಲಿ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ಹೇಳಿಬಿಡವ್ವಾ. ಚಾ ನಾ ಕುಡಸ್ತೀನಿ" ಅಂದರು. ಇಷ್ಟು ವರ್ಷ ಯಾರ ಮಾತಿಗೂ ಮುರಿಯದ ಕಾಯ್ದೆಯನ್ನು ಅವರು ಅಲ್ಲಿ, ಆ ಸಣ್ಣ ಬೆಂಚುಗಳ ನಡುವೆ ಮುರಿದರು.

"ಹೊಳ್ಯಾಗ ಕೊಡಿ ತೇಲ್ತಿತ್ತು. ಒಳಗ ಕಪ್ಪಿ ಮರಿಗೋಳು ಕುಂತಿದ್ವು. ಆನಿ ಕೊಡಿ ಕಪ್ಪಿಗೆ ಬಿಟ್ಟು ಹೋತು" ಅಂತ ತುಳಸಿ ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಸಮಾಧಾನವಾಗದೆ, "ಇದು ಪುಸ್ತಕದ್ದು. ನಮ್ಮಜ್ಜಿದ್ರಾಗ ಎಲ್ಲಾರೂ ವಗ್ಗಾಣಿ ತಿಂದು ಮಕ್ಕೊಳ್ತಾರ" ಅಂದಳು. ಬಾಗಿಲಲ್ಲಿ ನಿಂತ ಪೋಷಕರೆಲ್ಲ ಗೊಳ್ಳೆಂದರು. ಮಾವ ಸಾಲಿನ ಕಡೆ ತಿರುಗಿ, ನಮ್ಮ ಹಿಂದಿನ ಐದು ಜನರನ್ನು ಬೆರಳಲ್ಲಿ ಎಣಿಸಿ, ಗೇಟಿನ ಚಾ ಅಂಗಡಿಗೆ ನಡೆದರು.

ಮಿಸ್ ಕೂಡ ನಗುತ್ತಿದ್ದಳು. "ಚೆನ್ನಾಗಿ ಹೇಳಿದಳು. ಐದನ್ನು ಎಂಟು ಮಾಡುತ್ತೇನೆ. ಆದರೆ ಡೈರಿಗೆ ಸಹಿ ಹಾಕಿಬಿಡಿ ಮೇಡಂ. ಮನೆಯಲ್ಲಿ ಕಾಮಿಕ್ಸ್ ನಿಲ್ಲಿಸುತ್ತೇವೆ ಅಂತ. ಮೇಲಿನವರು ನೋಡುತ್ತಾರೆ."

ಪೆನ್ನು ಕೈಯಲ್ಲಿತ್ತು. ಹತ್ತಕ್ಕೆ ಎಂಟು. ನನ್ನಂಥವಳಿಗೆ ಎಂಟು ಅಂದರೆ ಏನು ಅಂತ ಬೇರೆ ತಾಯಂದಿರಿಗೆ ಬಿಡಿಸಿ ಹೇಳಬೇಕಿಲ್ಲ. ಹೊರಗೆ ಮಾವ ಯಾರಿಗೋ ಗ್ಲಾಸು ಕೊಡುತ್ತ "ತಗೋರಿ, ಕಾಯ್ದೆ ಪ್ರಕಾರ ಐತಿ" ಅನ್ನುತ್ತಿದ್ದರು.

"ಐದೇ ಇರಲಿ ಮಿಸ್" ಅಂದೆ.

"ಮೇಡಂ?"

"ನಾನು ಸಹಿ ಹಾಕುವುದಿಲ್ಲ. ಅವಳಿಗೆ ಕತೆ ಬರುತ್ತೆ, ನೀವೇ ಕೇಳಿದಿರಿ. ಪೆಟ್ಟಿಗೆ ಮನೆಯಲ್ಲೇ ಇರುತ್ತೆ. ಮೇಲಿನವರು ಕೇಳಿದರೆ ನನ್ನ ನಂಬರ್ ಕೊಡಿ, ನಾನೇ ಬಂದು ಹೇಳುತ್ತೇನೆ." ಪೆನ್ನನ್ನು ಮೇಜಿನ ಮೇಲೆ ಇಟ್ಟೆ.

ಡೈರಿಯ ಗೆರೆ ಇನ್ನೂ ಖಾಲಿ ಇದೆ. ಎರಡನೆಯ ಟರ್ಮಿಗೆ ಏನು ಬರೆಯುತ್ತಾರೋ ಅಂತ ನನಗೆ ದಿನಾ ಹೆದರಿಕೆ, ಸುಳ್ಳು ಹೇಳುವುದಿಲ್ಲ. ಆದರೂ ಹಾಕುವುದಿಲ್ಲ.

ಆ ಸಂಜೆ ಪೆಟ್ಟಿಗೆಯಿಂದ ನಾನು ಅಳಿಸಿದ್ದ ಆ ಪುಸ್ತಕ ತೆಗೆದು ಅಡುಗೆಮನೆಯಲ್ಲಿ ನಿಂತೇ ಓದತೊಡಗಿದೆ. ಹಡಗಿನಲ್ಲಿ ಕಳ್ಳತನ, ಕ್ಯಾಪ್ಟನ್ನಿನ ಮೇಲೇ ಗುಮಾನಿ. ಹದಿನಾಲ್ಕನೆಯ ಪುಟ ದಾಟುವಾಗ ಅಂಚನ್ನು ಬೆಳಕಿಗೆ ಹಿಡಿದು ನೋಡಿದೆ. ಪೆನ್ಸಿಲ್ ಒತ್ತಿದ ಗುರುತು ಸಣ್ಣಗೆ ಉಳಿದಿತ್ತು, ಅಂಕಿ ಮಾತ್ರ ತಿಳಿಯಲಿಲ್ಲ. ಹತ್ತೊಂಬತ್ತನೆಯ ಪುಟದಲ್ಲಿ ಹಾಲು ಉಕ್ಕಿತು. ತುಳಸಿಯ ಪೆನ್ಸಿಲ್ ತಗೊಂಡು ಅಂಚಿನಲ್ಲಿ ನನ್ನ ಸ್ಕೂಟಿಯ ನಾಲ್ಕು ಅಂಕಿ ಬರೆದು, ಪುಸ್ತಕ ಮುಚ್ಚಿ ಮಾವನ ಕೈಗೆ ಕೊಟ್ಟೆ.

ಅವರು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಇದ್ಯಾವ ಗಾಡಿ?"

"ನನ್ನ ಸ್ಕೂಟಿ, ಮಾವ."

"ಅದಿರಿನ ಸಾಲಿನಾಗ ಸ್ಕೂಟಿ ಬಿಡಾಂಗಿಲ್ಲ" ಅಂದರು. ರಬ್ಬರ್ ಮಾತ್ರ ಕೇಳಲಿಲ್ಲ.